ಕಾರೋಯ್ ಟಾಕಾಚ್

ಕಾರೋಯ್ ಟಾಕಾಚ್ (೨೧ ಜನವರಿ ೧೯೧೦ – ೫ ಜನವರಿ ೧೯೭೬) ಹಂಗೆರಿ ದೇಶದ ಸೈನಿಕ ಮತ್ತು ಪಿಸ್ತೂಲ್ ಶೂಟರ್. ೧೯೩೮ರಲ್ಲಿ ಗ್ರೆನೇಡ್ ಸ್ಫೋಟದಿಂದ ತಮ್ಮ ಬಲಗೈಯ ಬಳಕೆಯನ್ನು ಕಳೆದುಕೊಂಡ ಇವರು, ಎಡಗೈಯಲ್ಲಿ ಗುರಿಯಿಡುವುದನ್ನು ಹೊಸದಾಗಿ ಕಲಿತು, ೧೯೪೮ರ ಲಂಡನ್ ಮತ್ತು ೧೯೫೨ರ ಹೆಲ್ಸಿಂಕಿ ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ೨೫ ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯ ಚಿನ್ನದ ಪದಕಗಳನ್ನು ಗೆದ್ದರು. ಈ ಸ್ಪರ್ಧೆಯಲ್ಲಿ ಎರಡು ಒಲಿಂಪಿಕ್ ಚಿನ್ನ ಗಳಿಸಿದ ಮೊದಲ ವ್ಯಕ್ತಿ ಇವರು. ಒಂದೇ ಕೈಯಿಂದ ಗುಂಡು ಹಾರಿಸುವ ಪಿಸ್ತೂಲ್ ಕ್ರೀಡೆಯಲ್ಲಿ ದೇಹದ ನಿಲುವು, ಪಾದಗಳ ಅಂತರ ಹಾಗೂ ಖಾಲಿ ಕೈಯ ಸ್ಥಾನ ಎಷ್ಟು ಮುಖ್ಯವೆಂಬುದನ್ನು ವಿವರಿಸುವಾಗ ಇವರ ಜೀವನವು ಉತ್ತಮ ನಿದರ್ಶನವಾಗಿದೆ.

ಹೆಸರು

ಹಂಗೆರಿಯನ್ನರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಆದ್ದರಿಂದ ಅವರ ದೇಶದಲ್ಲಿ ಇವರನ್ನು ಟಾಕಾಚ್ ಕಾರೋಯ್ ಎಂದು ಕರೆಯುತ್ತಾರೆ. ಹಂಗೆರಿಯನ್ ಕಾಗುಣಿತವನ್ನು ಇಂಗ್ಲಿಷ್ ರೀತಿಯಲ್ಲಿ ಓದುವುದರಿಂದ ಭಾರತೀಯ ಪತ್ರಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಈ ಹೆಸರು ಕರೋಲಿ ಟಕಾಕ್ಸ್ ಎಂದು ಕಾಣಿಸಿಕೊಳ್ಳುವುದುಂಟು. ಇವೆಲ್ಲವೂ ಒಬ್ಬರೇ ವ್ಯಕ್ತಿಯ ಹೆಸರುಗಳು.

ಆರಂಭಿಕ ಜೀವನ ಮತ್ತು ಸೈನ್ಯ ಸೇವೆ

ಟಾಕಾಚ್ ಅವರು ೧೯೧೦ರ ಜನವರಿ ೨೧ರಂದು ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಆಗ ಹಂಗೆರಿಯು ಆಸ್ಟ್ರಿಯಾ–ಹಂಗೆರಿ ಸಾಮ್ರಾಜ್ಯದ ಭಾಗವಾಗಿತ್ತು. ಅವರು ಎಂಟು ವರ್ಷದವರಿದ್ದಾಗ ಮೊದಲನೆಯ ಮಹಾಯುದ್ಧ ಮುಗಿದು ಆ ಸಾಮ್ರಾಜ್ಯ ಒಡೆಯಿತು. ಮುಂದೆ ಅವರು ಹಂಗೆರಿಯ ಸೈನ್ಯವನ್ನು ಸೇರಿ ಸಾರ್ಜೆಂಟ್ ದರ್ಜೆಯಲ್ಲಿ ಸೇವೆ ಸಲ್ಲಿಸಿದರು. ಭಾರತೀಯ ಸೇನೆಯ ಹವಾಲ್ದಾರ್ ದರ್ಜೆಗೆ ಇದು ಸಮೀಪವಾದುದು. ಸೈನ್ಯದಲ್ಲಿರುವಾಗಲೇ ಪಿಸ್ತೂಲ್ ಗುರಿಕಾರಿಕೆಯಲ್ಲಿ ಹೆಸರು ಮಾಡಿದ ಅವರು, ೧೯೩೦ರ ದಶಕದ ಮಧ್ಯಭಾಗದ ಹೊತ್ತಿಗೆ ಅಂತರರಾಷ್ಟ್ರೀಯ ಮಟ್ಟದ ಶೂಟರ್‌ಗಳ ಸಾಲಿನಲ್ಲಿದ್ದರು. ಆ ದಿನಗಳಲ್ಲಿ ಅವರು ಬಲಗೈಯಿಂದ ಗುಂಡು ಹಾರಿಸುತ್ತಿದ್ದರು.

೧೯೩೬ರ ಒಲಿಂಪಿಕ್ ಅವಕಾಶದ ನಿರಾಕರಣೆ

೧೯೩೬ರ ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟದ ವೇಳೆಗೆ ಟಾಕಾಚ್ ಅವರಿಗೆ ೨೬ ವರ್ಷ ವಯಸ್ಸಾಗಿತ್ತು. ಆದರೆ ಹಂಗೆರಿಯ ಶೂಟಿಂಗ್ ತಂಡದಲ್ಲಿ ಅವರಿಗೆ ಸ್ಥಾನ ದೊರೆಯಲಿಲ್ಲ. ಇದಕ್ಕೆ ಕಾರಣ ಅವರ ಸೈನಿಕ ದರ್ಜೆ. ಸೈನ್ಯದಿಂದ ಬರುವ ಶೂಟರ್‌ಗಳಲ್ಲಿ ಅಧಿಕಾರಿ ದರ್ಜೆಯವರು ಮಾತ್ರ ದೇಶವನ್ನು ಪ್ರತಿನಿಧಿಸಬಹುದೆಂಬ ನಿಯಮ ಆಗ ಜಾರಿಯಲ್ಲಿತ್ತು. ಸಾರ್ಜೆಂಟ್ ಆಗಿದ್ದ ಟಾಕಾಚ್ ಆ ವರ್ಗಕ್ಕೆ ಸೇರುತ್ತಿರಲಿಲ್ಲ. ಬರ್ಲಿನ್‌ನಲ್ಲಿ ರ‍್ಯಾಪಿಡ್ ಫೈರ್ ಪಿಸ್ತೂಲ್ ಚಿನ್ನವನ್ನು ಜರ್ಮನಿಯ ಕಾರ್ನೆಲಿಯಸ್ ವಾನ್ ಓಯೆನ್ ಗೆದ್ದರು.

ಬರ್ಲಿನ್ ಕೂಟದ ಬಳಿಕ ಈ ನಿರ್ಬಂಧವನ್ನು ತೆಗೆದುಹಾಕಲಾಯಿತು. ೧೯೪೦ರ ಒಲಿಂಪಿಕ್ಸ್ ಟೋಕಿಯೋದಲ್ಲಿ ನಡೆಯಬೇಕೆಂದು ನಿಗದಿಯಾಗಿತ್ತು. ಟಾಕಾಚ್ ಆ ಕೂಟವನ್ನು ಗುರಿಯಾಗಿಟ್ಟುಕೊಂಡು ಅಭ್ಯಾಸ ಮುಂದುವರಿಸಿದರು.

೧೯೩೮ರ ಅಪಘಾತ

೧೯೩೮ರಲ್ಲಿ ಸೈನಿಕ ತರಬೇತಿಯೊಂದರ ಸಂದರ್ಭದಲ್ಲಿ ದೋಷವಿದ್ದ ಗ್ರೆನೇಡ್ ಒಂದು ಸಿಡಿದು ಟಾಕಾಚ್ ಅವರ ಬಲಗೈ ತೀವ್ರವಾಗಿ ಜಖಂಗೊಂಡಿತು. ಅವರು ಸುಮಾರು ಒಂದು ತಿಂಗಳ ಕಾಲ ಆಸ್ಪತ್ರೆಯಲ್ಲಿದ್ದರು. ಪಿಸ್ತೂಲ್ ಹಿಡಿಯುವ, ಕುದುರೆಯನ್ನು (ಟ್ರಿಗರ್) ಎಳೆಯುವ ಕೈಯೇ ಹೋಗಿದ್ದರಿಂದ, ಅವರ ಕ್ರೀಡಾಜೀವನ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಆಗ ಅವರಿಗೆ ೨೮ ವರ್ಷ.

ಆಸ್ಪತ್ರೆಯಿಂದ ಹೊರಬಂದ ಮೇಲೆ ಟಾಕಾಚ್ ಯಾರಿಗೂ ತಿಳಿಸದೆ ಎಡಗೈಯಲ್ಲಿ ಅಭ್ಯಾಸ ಆರಂಭಿಸಿದರು. ಇದು ಎಷ್ಟು ಕಠಿಣ ಕೆಲಸವೆಂಬುದನ್ನು ತಿಳಿಯಲು ಈ ಕ್ರೀಡೆಯ ಸ್ವರೂಪವನ್ನು ಅರಿಯುವುದು ಅಗತ್ಯ.

ಒಂಟಿಗೈ ಪಿಸ್ತೂಲ್ ಗುರಿಕಾರಿಕೆ: ನಿಲುವು ಮತ್ತು ಖಾಲಿ ಕೈ

ಸ್ಪರ್ಧೆಯ ನಿಯಮ

ಒಲಿಂಪಿಕ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಆಯುಧವನ್ನು ಒಂದೇ ಕೈಯಲ್ಲಿ ಹಿಡಿದು ಹಾರಿಸಬೇಕು. ಶೂಟರ್ ಯಾವ ಆಸರೆಯೂ ಇಲ್ಲದೆ ನಿಂತಿರಬೇಕು. ಪಿಸ್ತೂಲ್ ಹಿಡಿದ ಕೈಯ ಮಣಿಕಟ್ಟಿಗೆ ಯಾವುದೇ ಬಗೆಯ ಬೆಂಬಲವಿರಬಾರದು. ಆ ಕೈಗೆ ಗಡಿಯಾರ, ಬಳೆ ಅಥವಾ ಪಟ್ಟಿಗಳನ್ನು ಧರಿಸುವಂತಿಲ್ಲ. ಚಲನಚಿತ್ರಗಳಲ್ಲಿಯೂ ಪೊಲೀಸ್ ತರಬೇತಿಯಲ್ಲಿಯೂ ಕಾಣುವ ಎರಡು ಕೈಗಳ ಹಿಡಿತಕ್ಕೆ ಇಲ್ಲಿ ಅವಕಾಶವಿಲ್ಲ.

ಇಂದಿನ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ೨೫ ಮೀಟರ್ ದೂರದಲ್ಲಿ ಐದು ಗುರಿಫಲಕಗಳು ಸಾಲಾಗಿರುತ್ತವೆ. ಅಕ್ಕಪಕ್ಕದ ಫಲಕಗಳ ಕೇಂದ್ರಗಳ ನಡುವಿನ ಅಂತರ ೭೫ ಸೆಂಟಿಮೀಟರ್. ಶೂಟರ್ ಕೈಯನ್ನು ಕೆಳಮುಖವಾಗಿ ಇಟ್ಟುಕೊಂಡು ಕಾಯಬೇಕು. ಸೂಚನೆ ದೊರೆತೊಡನೆ ಕೈ ಎತ್ತಿ ಒಂದೊಂದು ಫಲಕಕ್ಕೆ ಒಂದೊಂದರಂತೆ ಐದು ಗುಂಡುಗಳನ್ನು ಹಾರಿಸಬೇಕು. ಇದಕ್ಕೆ ಮೊದಲು ೮ ಸೆಕೆಂಡು, ಅನಂತರ ೬ ಸೆಕೆಂಡು, ಕೊನೆಗೆ ೪ ಸೆಕೆಂಡುಗಳ ಕಾಲಾವಕಾಶವಿರುತ್ತದೆ. ಒಟ್ಟು ೬೦ ಗುಂಡುಗಳು, ಗರಿಷ್ಠ ೬೦೦ ಅಂಕಗಳು. ೪ ಸೆಕೆಂಡುಗಳ ಸುತ್ತಿನಲ್ಲಿ ಕೈ ಎತ್ತುವ ಸಮಯವೂ ಸೇರಿ ಒಂದು ಗುಂಡಿಗೆ ಸರಾಸರಿ ೦.೮ ಸೆಕೆಂಡು ಮಾತ್ರ ಸಿಗುತ್ತದೆ.

ಹತ್ತು ಅಂಕಗಳ ವೃತ್ತದ ವ್ಯಾಸ ೧೦ ಸೆಂಟಿಮೀಟರ್. ೨೫ ಮೀಟರ್ ದೂರದಿಂದ ಅದರ ಕೇಂದ್ರಕ್ಕೆ ಗುರಿಯಿಟ್ಟವರ ಪಿಸ್ತೂಲ್ ಒಂದು ಡಿಗ್ರಿಯಷ್ಟು ಓರೆಯಾದರೂ ಗುಂಡು ಸುಮಾರು ೪೪ ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಹತ್ತು ಅಂಕ ಪಡೆಯಲು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಮಾತ್ರ ತಪ್ಪಿಗೆ ಅವಕಾಶವಿದೆ. ಇಷ್ಟು ಸಣ್ಣ ಓರೆಯನ್ನು ಕೈಯೊಂದರ ಬಲದಿಂದ ತಡೆಯಲಾಗದು. ಪಾದದಿಂದ ಭುಜದವರೆಗೆ ಇಡೀ ದೇಹ ಸ್ಥಿರವಾಗಿರಬೇಕಾಗುತ್ತದೆ.

ಪಾದ ಮತ್ತು ದೇಹದ ನಿಲುವು

ಸಾಮಾನ್ಯವಾಗಿ ಶೂಟರ್ ತನ್ನ ಎರಡು ಪಾದಗಳನ್ನು ಹೆಚ್ಚುಕಡಿಮೆ ಭುಜಗಳ ಅಗಲಕ್ಕೆ ಇರಿಸಿ, ದೇಹದ ಭಾರವನ್ನು ಎರಡೂ ಕಾಲುಗಳ ಮೇಲೆ ಸಮನಾಗಿ ಹಂಚುತ್ತಾನೆ. ಬಲಗೈ ಶೂಟರ್‌ನ ಬಲಭುಜ ಗುರಿಯ ಕಡೆಗಿರುತ್ತದೆ; ಎದೆ ಗುರಿಗೆ ನೇರವಾಗಿರದೆ ಓರೆಯಾಗಿರುತ್ತದೆ. ಈ ಓರೆ ಎಷ್ಟಿರಬೇಕೆಂಬುದು ಆಯಾ ವ್ಯಕ್ತಿಯ ಮೈಕಟ್ಟನ್ನು ಅವಲಂಬಿಸಿದೆ. ಚಾಚಿದ ಕೈ ಮತ್ತು ಪಿಸ್ತೂಲಿನ ಭಾರ ದೇಹವನ್ನು ಮುಂದಕ್ಕೆ ಸೆಳೆಯುವುದರಿಂದ, ಸಮತೋಲಕ್ಕಾಗಿ ಬೆನ್ನಿನ ಮೇಲ್ಭಾಗ ಸ್ವಲ್ಪ ಹಿಂದಕ್ಕೆ ವಾಲುವುದು ಸಹಜ.

ಸರಿಯಾದ ನಿಲುವನ್ನು ಕಂಡುಕೊಳ್ಳಲು ಒಂದು ಸರಳ ಪರೀಕ್ಷೆ ರೂಢಿಯಲ್ಲಿದೆ. ಶೂಟರ್ ಕಣ್ಣು ಮುಚ್ಚಿ ಕೈ ಎತ್ತಿ, ಅದು ತಾನಾಗಿ ನೆಲೆಗೊಂಡ ಮೇಲೆ ಕಣ್ಣು ತೆರೆದು ನೋಡುತ್ತಾನೆ. ಪಿಸ್ತೂಲ್ ಗುರಿಯ ಎಡಕ್ಕೋ ಬಲಕ್ಕೋ ಇದ್ದರೆ ಕೈಯನ್ನು ಎಳೆದು ಸರಿಪಡಿಸುವುದಿಲ್ಲ. ಹಿಂದಿನ ಪಾದವನ್ನು ಸ್ವಲ್ಪ ಸರಿಸಿ ಮತ್ತೆ ಪರೀಕ್ಷಿಸುತ್ತಾನೆ. ಕೈಯನ್ನು ಬಲವಂತವಾಗಿ ತಿರುಗಿಸಿ ಗುರಿಗೆ ಹೊಂದಿಸಿದರೆ, ಕುದುರೆ ಎಳೆಯುವ ಕ್ಷಣದಲ್ಲಿ ಸ್ನಾಯು ಸಡಿಲಗೊಂಡು ಪಿಸ್ತೂಲ್ ತನ್ನ ಸಹಜ ದಿಕ್ಕಿಗೆ ಮರಳಿಬಿಡುತ್ತದೆ.

ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಗುರಿ ಒಂದಲ್ಲ, ಐದು. ಮೊದಲನೆಯ ಮತ್ತು ಕೊನೆಯ ಫಲಕಗಳ ಕೇಂದ್ರಗಳ ನಡುವೆ ೩ ಮೀಟರ್ ಅಂತರವಿರುವುದರಿಂದ, ಶೂಟರ್ ಸುಮಾರು ೭ ಡಿಗ್ರಿಗಳಷ್ಟು ತಿರುಗಬೇಕು. ಭುಜದಿಂದ ಕೈಯನ್ನು ಮಾತ್ರ ಬೀಸಿದರೆ ಕಣ್ಣು ಮತ್ತು ಪಿಸ್ತೂಲಿನ ಹೊಂದಾಣಿಕೆ ಕೆಡುತ್ತದೆ. ಆದುದರಿಂದ ತಲೆ, ಭುಜ ಮತ್ತು ಕೈಗಳನ್ನು ಒಂದೇ ಘಟಕದಂತೆ ಇರಿಸಿಕೊಂಡು ಸೊಂಟದಿಂದ ಮೇಲಿನ ಭಾಗವನ್ನು ಒಟ್ಟಾಗಿ ತಿರುಗಿಸುವ ಕ್ರಮವನ್ನು ಕಲಿಸಲಾಗುತ್ತದೆ.

ಖಾಲಿ ಕೈಯ ಸ್ಥಾನ

ಪಿಸ್ತೂಲ್ ಹಿಡಿಯದ ಕೈಯನ್ನು ಸುಮ್ಮನೆ ಜೋತುಬಿಟ್ಟರೆ ಅದು ಲೋಲಕದಂತೆ ತೂಗಾಡಿ ದೇಹವನ್ನು ಅಲುಗಾಡಿಸುತ್ತದೆ. ಇದನ್ನು ತಡೆಯಲು ಶೂಟರ್‌ಗಳು ಆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇರಿಸುತ್ತಾರೆ ಅಥವಾ ಹೆಬ್ಬೆರಳನ್ನು ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹೀಗೆ ಮಾಡಿದಾಗ ಆ ಕಡೆಯ ಭುಜ ಸಡಿಲವಾಗಿ ಕೆಳಗಿಳಿಯುತ್ತದೆ ಮತ್ತು ಕೈಯ ಭಾರ ಸೊಂಟದೊಂದಿಗೆ ಸೇರಿಕೊಳ್ಳುತ್ತದೆ. ಕೈಯನ್ನು ಪ್ರತಿ ಬಾರಿಯೂ ಅದೇ ಜಾಗದಲ್ಲಿ ಇರಿಸುವುದು ಮುಖ್ಯ. ಒಂದು ಸುತ್ತಿನಲ್ಲಿ ಜೇಬಿನಲ್ಲಿಯೂ ಮತ್ತೊಂದರಲ್ಲಿ ಬೆನ್ನ ಹಿಂದೆಯೂ ಇಟ್ಟರೆ ಭುಜಗಳ ರೇಖೆ ಬದಲಾಗಿ, ಪಾದಗಳು ಕದಲದಿದ್ದರೂ ಗುರಿ ಸರಿಯುತ್ತದೆ. ಖಾಲಿ ಕೈಯನ್ನು ಬಿಗಿಯಾಗಿ ಮುಷ್ಟಿ ಕಟ್ಟುವುದೂ ಹೊಸಬರು ಮಾಡುವ ತಪ್ಪು. ಆ ಬಿಗಿತ ಭುಜಗಳ ಮೂಲಕ ಇನ್ನೊಂದು ಕೈಗೆ ದಾಟುತ್ತದೆ.

ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ದ್ವಂದ್ವಯುದ್ಧಗಳಲ್ಲಿಯೂ ಎದುರಾಳಿಗೆ ದೇಹದ ಪಕ್ಕವನ್ನು ಒಡ್ಡಿ ಒಂದೇ ಕೈಯಲ್ಲಿ ಪಿಸ್ತೂಲ್ ಹಿಡಿಯುತ್ತಿದ್ದರು. ಅಲ್ಲಿ ಆ ನಿಲುವಿನ ಉದ್ದೇಶ ಶತ್ರುವಿಗೆ ಕಾಣುವ ದೇಹದ ಭಾಗವನ್ನು ಕಿರಿದಾಗಿಸುವುದಾಗಿತ್ತು. ಕ್ರೀಡೆಯಲ್ಲಿ ಅದರ ಉದ್ದೇಶ ಸ್ಥಿರತೆ ಮಾತ್ರ.

ಎಡಗೈಗೆ ಬದಲಾವಣೆ

ಈ ಹಿನ್ನೆಲೆಯಲ್ಲಿ ನೋಡಿದಾಗ ಟಾಕಾಚ್ ಅವರ ಮುಂದಿದ್ದ ಕೆಲಸ ಪಿಸ್ತೂಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುವುದಷ್ಟೇ ಆಗಿರಲಿಲ್ಲ. ಕೈ ಬದಲಾದರೆ ನಿಲುವೆಲ್ಲವೂ ಕನ್ನಡಿಯ ಬಿಂಬದಂತೆ ತಿರುವುಮುರುವಾಗುತ್ತದೆ. ಗುರಿಯ ಕಡೆಗೆ ಎಡಭುಜ ಬರಬೇಕು. ಮುಂದಿನ ಪಾದ ಎಡಗಾಲಿನದಾಗಬೇಕು. ಐದು ಫಲಕಗಳ ಉದ್ದಕ್ಕೂ ದೇಹ ತಿರುಗುವ ರೀತಿಯೂ ಬದಲಾಗಬೇಕು. ಬಲಗೈ ಶೂಟರ್‌ಗಳಲ್ಲಿ ಹೆಚ್ಚಿನವರು ಬಲಗಣ್ಣಿನಿಂದ ಗುರಿ ನೋಡುತ್ತಾರೆ. ಎಡಗೈಗೆ ಬದಲಾದವರು ಎಡಗಣ್ಣನ್ನು ಅಭ್ಯಾಸ ಮಾಡಿಕೊಳ್ಳಬೇಕು, ಇಲ್ಲವೇ ತಲೆಯನ್ನು ತಿರುಗಿಸಿ ಬಲಗಣ್ಣಿಗೆ ಹೊಂದಿಸಿಕೊಳ್ಳಬೇಕು. ಬೆರಳು ಕುದುರೆಯನ್ನು ನೇರವಾಗಿ ಹಿಂದಕ್ಕೆ ಎಳೆಯುವ ಸೂಕ್ಷ್ಮ ಚಲನೆಯನ್ನು ಹೊಸ ಕೈ ಮೊದಲಿನಿಂದ ಕಲಿಯಬೇಕು. ಬಲಗೈಯ ಅಂಗೈಗೆ ತಕ್ಕಂತೆ ರೂಪಿಸಿದ ಹಿಡಿಕೆ ಎಡಗೈಗೆ ಒಗ್ಗುವುದಿಲ್ಲ.

ಆದರೆ ಒಂಟಿಗೈ ಪಿಸ್ತೂಲ್ ಕ್ರೀಡೆಯ ನಿಯಮವೇ ಅವರಿಗೆ ಒಂದು ದಾರಿಯನ್ನು ಉಳಿಸಿತ್ತು. ರೈಫಲ್ ಹಿಡಿಯಲು ಎರಡು ಕೈಗಳೂ ಬೇಕು. ಪಿಸ್ತೂಲ್ ಸ್ಪರ್ಧೆಯಲ್ಲಿ ಎರಡನೆಯ ಕೈ ಆಯುಧವನ್ನು ಮುಟ್ಟುವಂತೆಯೇ ಇಲ್ಲ. ಗುಂಡು ಹಾರುವಾಗ ಅದರ ಕರ್ತವ್ಯ ಅಲುಗದೆ ಇರುವುದು ಮಾತ್ರ. ಗಾಯಗೊಂಡ ಬಲಗೈ ಇನ್ನು ಮುಂದೆ ಆ ಖಾಲಿ ಕೈಯಾಯಿತು. ಎಲ್ಲ ಪ್ರತಿಸ್ಪರ್ಧಿಗಳೂ ಒಂದೇ ಕೈಯಿಂದ ಹಾರಿಸಬೇಕಾದ ಕಣದಲ್ಲಿ, ಎಡಗೈಯೊಂದು ಸಿದ್ಧವಾದರೆ ಟಾಕಾಚ್ ಯಾವ ರಿಯಾಯಿತಿಯೂ ಇಲ್ಲದೆ ಸಮಾನವಾಗಿ ನಿಲ್ಲಬಹುದಾಗಿತ್ತು.

೧೯೩೯ರ ಗೆಲುವುಗಳು

೧೯೩೯ರ ವಸಂತಕಾಲದಲ್ಲಿ ಹಂಗೆರಿಯ ರಾಷ್ಟ್ರೀಯ ಪಿಸ್ತೂಲ್ ಚಾಂಪಿಯನ್‌ಷಿಪ್‌ಗೆ ಟಾಕಾಚ್ ಹಾಜರಾದರು. ಅವರು ಸ್ಪರ್ಧೆಯನ್ನು ನೋಡಲು ಬಂದಿದ್ದಾರೆಂದು ಭಾವಿಸಿದ ಇತರ ಶೂಟರ್‌ಗಳು ಅವರಿಗೆ ಸಾಂತ್ವನ ಹೇಳಿದರೆಂದೂ, ತಾವು ನೋಡಲು ಅಲ್ಲ, ಸ್ಪರ್ಧಿಸಲು ಬಂದಿರುವುದಾಗಿ ಟಾಕಾಚ್ ತಿಳಿಸಿದರೆಂದೂ ಅವರ ಜೀವನವೃತ್ತಾಂತಗಳಲ್ಲಿ ಹೇಳಲಾಗುತ್ತದೆ. ಆ ಚಾಂಪಿಯನ್‌ಷಿಪ್ಪನ್ನು ಅವರು ಎಡಗೈಯಿಂದ ಗೆದ್ದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ವಯಂಚಾಲಿತ ಪಿಸ್ತೂಲ್ ವಿಭಾಗದ ತಂಡ ಪ್ರಶಸ್ತಿ ಗಳಿಸಿದ ಹಂಗೆರಿ ತಂಡದಲ್ಲಿಯೂ ಅವರಿದ್ದರು.

ಯುದ್ಧ ಮತ್ತು ರದ್ದಾದ ಕೂಟಗಳು

ಟಾಕಾಚ್ ಮತ್ತೆ ಒಲಿಂಪಿಕ್ಸ್‌ಗೆ ಸಿದ್ಧರಾಗಿದ್ದ ಹೊತ್ತಿಗೆ ಎರಡನೆಯ ಮಹಾಯುದ್ಧ ಆರಂಭವಾಯಿತು. ಟೋಕಿಯೋದಿಂದ ಹೆಲ್ಸಿಂಕಿಗೆ ವರ್ಗಾಯಿಸಲಾಗಿದ್ದ ೧೯೪೦ರ ಕೂಟ ರದ್ದಾಯಿತು. ಲಂಡನ್‌ನಲ್ಲಿ ನಡೆಯಬೇಕಿದ್ದ ೧೯೪೪ರ ಕೂಟವೂ ನಡೆಯಲಿಲ್ಲ. ೧೯೩೬ರಲ್ಲಿ ದರ್ಜೆಯ ಕಾರಣದಿಂದ ತಪ್ಪಿದ ಅವಕಾಶಕ್ಕಾಗಿ ಅವರು ಒಟ್ಟು ಹನ್ನೆರಡು ವರ್ಷ ಕಾಯಬೇಕಾಯಿತು.

ಒಲಿಂಪಿಕ್ ಸಾಧನೆಗಳು

೧೯೪೮, ಲಂಡನ್

ಯುದ್ಧಾನಂತರದ ಮೊದಲ ಒಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳು ಲಂಡನ್‌ಗೆ ಸಮೀಪದ ಬಿಸ್ಲಿ ಶೂಟಿಂಗ್ ಮೈದಾನದಲ್ಲಿ ನಡೆದವು. ಆಗ ಟಾಕಾಚ್ ಅವರಿಗೆ ೩೮ ವರ್ಷ. ರ‍್ಯಾಪಿಡ್ ಫೈರ್ ಪಿಸ್ತೂಲ್‌ನಲ್ಲಿ ಗೆಲ್ಲುವರೆಂಬ ನಿರೀಕ್ಷೆಯಿದ್ದುದು ಅರ್ಜೆಂಟೀನಾದ ಕಾರ್ಲೋಸ್ ಎನ್ರಿಕೆ ದಿಯಾಸ್ ಸಾಯೆನ್ಸ್ ವಾಲಿಯೆಂಟೆ ಅವರ ಮೇಲೆ. ಅವರು ಹಾಲಿ ವಿಶ್ವ ಚಾಂಪಿಯನ್ ಆಗಿದ್ದರು. ಸ್ಪರ್ಧೆಗೆ ಮುನ್ನ ವಾಲಿಯೆಂಟೆ ಅವರು ಟಾಕಾಚ್ ಲಂಡನ್‌ಗೆ ಬಂದ ಕಾರಣವನ್ನು ವಿಚಾರಿಸಿದಾಗ, ತಾವು ಕಲಿಯಲು ಬಂದಿರುವುದಾಗಿ ಟಾಕಾಚ್ ಉತ್ತರಿಸಿದರೆಂದು ಪ್ರಸಿದ್ಧವಾದ ಕಥನವಿದೆ.

ಟಾಕಾಚ್ ೫೮೦ ಅಂಕಗಳೊಂದಿಗೆ ಹೊಸ ವಿಶ್ವದಾಖಲೆ ಸ್ಥಾಪಿಸಿ ಚಿನ್ನ ಗೆದ್ದರು. ೬೦ ಗುಂಡುಗಳಲ್ಲಿ ಅವರು ಕಳೆದುಕೊಂಡದ್ದು ೨೦ ಅಂಕಗಳನ್ನು ಮಾತ್ರ. ವಾಲಿಯೆಂಟೆ ೫೭೧ ಅಂಕಗಳೊಂದಿಗೆ ಬೆಳ್ಳಿ ಪಡೆದರೆ, ಸ್ವೀಡನ್ನಿನ ಸ್ವೆನ್ ಲುಂಡ್‌ಕ್ವಿಸ್ಟ್ ೫೬೯ ಅಂಕಗಳೊಂದಿಗೆ ಕಂಚು ಪಡೆದರು. ಟಾಕಾಚ್ ಸಾಕಷ್ಟು ಕಲಿತುಕೊಂಡಿದ್ದಾರೆಂದು ಪದಕ ಪ್ರದಾನದ ವೇಳೆಯಲ್ಲಿ ವಾಲಿಯೆಂಟೆ ಅಭಿನಂದಿಸಿದರೆಂದು ಅದೇ ಕಥನ ಮುಂದುವರಿಯುತ್ತದೆ.

೧೯೫೨, ಹೆಲ್ಸಿಂಕಿ

ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ, ೪೨ನೆಯ ವಯಸ್ಸಿನಲ್ಲಿ, ಟಾಕಾಚ್ ೫೭೯ ಅಂಕಗಳಿಂದ ಚಿನ್ನವನ್ನು ಉಳಿಸಿಕೊಂಡರು. ಈ ಬಾರಿ ಅಂತರ ಬಹಳ ಕಿರಿದಾಗಿತ್ತು. ಹಂಗೆರಿಯವರೇ ಆದ ಸಿಲಾರ್ಡ್ ಕುನ್ ಮತ್ತು ರೊಮೇನಿಯಾದ ಗಿಯೋರ್ಗೆ ಲಿಕಿಯಾರ್ಡೊಪೋಲ್ ಇಬ್ಬರೂ ೫೭೮ ಅಂಕ ಗಳಿಸಿದ್ದರು. ಕುನ್ ಬೆಳ್ಳಿಯನ್ನೂ ಲಿಕಿಯಾರ್ಡೊಪೋಲ್ ಕಂಚನ್ನೂ ಪಡೆದರು. ಹದಿನೇಳು ವರ್ಷದ ಕುನ್, ಟಾಕಾಚ್ ಅವರಿಂದಲೇ ತರಬೇತಿ ಪಡೆದವರು. ಗುರು ಮತ್ತು ಶಿಷ್ಯರ ನಡುವಿನ ಅಂತರ ಒಂದೇ ಅಂಕವಾಗಿತ್ತು.

೧೯೫೬, ಮೆಲ್ಬರ್ನ್

ಮೆಲ್ಬರ್ನ್‌ನಲ್ಲಿ ಟಾಕಾಚ್ ಮೂರನೆಯ ಬಾರಿ ಸ್ಪರ್ಧಿಸಿ ಎಂಟನೆಯ ಸ್ಥಾನ ಪಡೆದರು. ರೊಮೇನಿಯಾದ ಸ್ಟೆಫಾನ್ ಪೆಟ್ರೆಸ್ಕು ೫೮೭ ಅಂಕಗಳೊಂದಿಗೆ ಚಿನ್ನ ಗೆದ್ದರು. ಎಂಟು ವರ್ಷಗಳ ಹಿಂದೆ ವಿಶ್ವದಾಖಲೆಯಾಗಿದ್ದ ಅಂಕಕ್ಕಿಂತ ಇದು ಏಳು ಹೆಚ್ಚು.

ನಂತರದ ಜೀವನ

೧೯೫೮ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟಾಕಾಚ್ ಕಂಚಿನ ಪದಕ ಗಳಿಸಿದರು. ಆಗ ಅವರಿಗೆ ೪೮ ವರ್ಷ. ತಮ್ಮ ಕ್ರೀಡಾಜೀವನದಲ್ಲಿ ಅವರು ೩೫ ಹಂಗೆರಿಯನ್ ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದರು. ಸ್ಪರ್ಧೆಗಳಿಂದ ನಿವೃತ್ತರಾದ ಮೇಲೆ ತರಬೇತುದಾರರಾಗಿ ಮುಂದುವರಿದರು. ಒಂದು ಕಾಲದಲ್ಲಿ ಅಧಿಕಾರಿ ದರ್ಜೆಯಿಲ್ಲವೆಂಬ ಕಾರಣಕ್ಕೆ ತಂಡದಿಂದ ಹೊರಗುಳಿದಿದ್ದ ಅವರು, ಲೆಫ್ಟಿನೆಂಟ್ ಕರ್ನಲ್ ದರ್ಜೆಯಲ್ಲಿ ಸೈನ್ಯದಿಂದ ನಿವೃತ್ತರಾದರು. ೧೯೭೬ರ ಜನವರಿ ೫ರಂದು, ೬೬ನೆಯ ಹುಟ್ಟುಹಬ್ಬಕ್ಕೆ ಕೆಲವೇ ದಿನಗಳ ಮೊದಲು, ಬುಡಾಪೆಸ್ಟ್‌ನಲ್ಲಿ ನಿಧನರಾದರು.

ಪ್ರಚಲಿತವಾಗಿರುವ ತಪ್ಪು ಕಲ್ಪನೆಗಳು

ಟಾಕಾಚ್ ಅವರ ಬದುಕು ಪ್ರೇರಣಾತ್ಮಕ ಭಾಷಣಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವುದರಿಂದ ಕೆಲವು ತಪ್ಪು ಮಾಹಿತಿಗಳೂ ಹರಡಿವೆ. ಅಂಗವೈಕಲ್ಯವಿದ್ದು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಮೊದಲಿಗರು ಇವರೆಂದು ಹೇಳುವುದು ಸರಿಯಲ್ಲ. ಮರದ ಕಾಲು ಹೊಂದಿದ್ದ ಅಮೆರಿಕದ ಜಿಮ್ನಾಸ್ಟ್ ಜಾರ್ಜ್ ಐಸರ್ ೧೯೦೪ರ ಸೇಂಟ್ ಲೂಯಿಸ್ ಕೂಟದಲ್ಲಿಯೇ ಪದಕಗಳನ್ನು ಗೆದ್ದಿದ್ದರು. ಒಂದು ಪಾದವನ್ನು ಕಳೆದುಕೊಂಡಿದ್ದ ಹಂಗೆರಿಯ ಒಲಿವರ್ ಹಲಾಶಿ, ವಾಟರ್ ಪೋಲೋ ತಂಡದ ಸದಸ್ಯರಾಗಿ ೧೯೨೮ರಿಂದ ೧೯೩೬ರವರೆಗಿನ ಮೂರು ಕೂಟಗಳಲ್ಲಿ ಪದಕ ಪಡೆದಿದ್ದರು. ಅಪಘಾತವು ೧೯೩೬ರ ಒಲಿಂಪಿಕ್ಸ್‌ನ ಅವಕಾಶವನ್ನು ಕಸಿದುಕೊಂಡಿತೆಂಬ ಮಾತೂ ತಪ್ಪು. ಆ ಅವಕಾಶವನ್ನು ತಪ್ಪಿಸಿದ್ದು ದರ್ಜೆಯ ನಿಯಮ, ಅಪಘಾತ ಸಂಭವಿಸಿದ್ದು ಎರಡು ವರ್ಷಗಳ ನಂತರ.

ಪರಂಪರೆ

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಟಾಕಾಚ್ ಅವರನ್ನು ಒಲಿಂಪಿಕ್ ವೀರರಲ್ಲಿ ಒಬ್ಬರೆಂದು ಗುರುತಿಸಿದೆ. ಅವರ ನಂತರ ಪೋಲೆಂಡಿನ ಯೋಜೆಫ್ ಜಪೆಂಡ್ಸ್ಕಿ ೧೯೬೮ ಮತ್ತು ೧೯೭೨ರಲ್ಲಿ ಇದೇ ಸ್ಪರ್ಧೆಯಲ್ಲಿ ಎರಡು ಚಿನ್ನ ಗೆದ್ದರು. ಜರ್ಮನಿಯ ರಾಲ್ಫ್ ಶೂಮನ್ ೧೯೯೨, ೧೯೯೬ ಮತ್ತು ೨೦೦೪ರಲ್ಲಿ ಮೂರು ಬಾರಿ ಚಿನ್ನ ಗಳಿಸಿದರು.

ಭಾರತದಲ್ಲಿ ಈ ಸ್ಪರ್ಧೆ ಜನಸಾಮಾನ್ಯರ ಗಮನಕ್ಕೆ ಬಂದದ್ದು ೨೦೧೨ರಲ್ಲಿ. ಟಾಕಾಚ್ ಮೊದಲ ಚಿನ್ನ ಗೆದ್ದ ಲಂಡನ್ ನಗರದಲ್ಲಿಯೇ ಭಾರತೀಯ ಸೇನೆಯ ಸುಬೇದಾರ್ ವಿಜಯ್ ಕುಮಾರ್ ೨೫ ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್‌ನಲ್ಲಿ ಬೆಳ್ಳಿಯ ಪದಕ ಪಡೆದರು. ಕರ್ನಾಟಕದ ಪಿಸ್ತೂಲ್ ಶೂಟರ್‌ಗಳಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು ೨೦೧೩ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾದರೂ ಚೇತರಿಸಿಕೊಂಡು, ೨೦೧೪ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ ೧೦ ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಅದು ನಿಧಾನವಾಗಿ ಗುರಿಯಿಟ್ಟು ಹಾರಿಸುವ ಬೇರೆಯೇ ಸ್ಪರ್ಧೆಯಾದರೂ, ಒಂದೇ ಕೈಯ ಹಿಡಿತ, ಓರೆಯಾದ ನಿಲುವು ಮತ್ತು ಅಲುಗದ ಖಾಲಿ ಕೈ ಎರಡಕ್ಕೂ ಸಮಾನ.

ಪ್ರಮುಖ ಸಾಧನೆಗಳು

೧೯೩೯ – ಹಂಗೆರಿಯ ರಾಷ್ಟ್ರೀಯ ಪಿಸ್ತೂಲ್ ಚಾಂಪಿಯನ್; ಲೂಸರ್ನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಂಡ ಪ್ರಶಸ್ತಿ
೧೯೪೮ – ಲಂಡನ್ ಒಲಿಂಪಿಕ್ಸ್, ೨೫ ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್, ಚಿನ್ನ (೫೮೦ ಅಂಕ, ವಿಶ್ವದಾಖಲೆ)
೧೯೫೨ – ಹೆಲ್ಸಿಂಕಿ ಒಲಿಂಪಿಕ್ಸ್, ಅದೇ ಸ್ಪರ್ಧೆ, ಚಿನ್ನ (೫೭೯ ಅಂಕ)
೧೯೫೬ – ಮೆಲ್ಬರ್ನ್ ಒಲಿಂಪಿಕ್ಸ್, ಅದೇ ಸ್ಪರ್ಧೆ, ಎಂಟನೆಯ ಸ್ಥಾನ
೧೯೫೮ – ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್, ಕಂಚು